ಚಾಳೀಸು ಬಿಡುವ ಮಾತು

ಸೂಜಿಗೆ ದಾರ ಪೋಣಿಸುವಾಗ ನನ್ನ ವಯಸ್ಸಿನವರೆಲ್ಲ ಕಣ್ಣಿಗೆ ಚಾಳೀಸು ಹಾಕಿಕೊಳ್ಳುತ್ತಾರೆ, ನಾನು ತೆಗೆಯುತ್ತೇನೆ. ತೆಗೆದು ಉಡಿಯಲ್ಲಿಟ್ಟುಕೊಂಡು ಸೂಜಿಯನ್ನು ಮೂಗಿನ ತನಕ ತರುತ್ತೇನೆ. ಅಲ್ಲಿ, ಒಂದು ಗೇಣಿಗೂ ಕಡಿಮೆ ದೂರದಲ್ಲಿ, ಸೂಜಿಯ ಕಣ್ಣು ಹಿತ್ತಿಲ ಬಾಗಿಲಿನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ದಾರದ ತುದಿಯಲ್ಲಿ ಬಿಚ್ಚಿಕೊಂಡ ಎಳೆ ಎಡಕ್ಕೆ ಬಾಗಿದೆಯೋ ಬಲಕ್ಕೋ ಎಂಬುದೂ ಕಾಣುತ್ತದೆ. ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ, ನಮ್ಮ ಸುಮಾ ಸೂಜಿ ಮೂಸಿ ದಾರ ಏರಿಸುತ್ತಾಳೆ ಎಂದು ಹೇಳಿ ನಗಿಸುತ್ತಾರೆ. ಸುಳ್ಳೇನಲ್ಲ. ಅಕ್ಕಿಯನ್ನು ಮೂಸಿ ಹರಳು ತೆಗೆಯುತ್ತೇನೆ. ಗುಳಿಗೆಯ ಪಟ್ಟಿಯ ಹಿಂದಿನ ಇರುವೆ ಅಕ್ಷರಗಳನ್ನು ಮೂಸಿ ಓದುತ್ತೇನೆ. ಮಗಳು ಸಣ್ಣವಳಿದ್ದಾಗ ಅವಳ ಅಂಗಾಲಿನಲ್ಲಿ ಮುರಿದ ಜಾಲಿಮುಳ್ಳನ್ನೂ ಹೀಗೆಯೇ ಹುಡುಕಿ ತೆಗೆದಿದ್ದೇನೆ.

ಆ ಗೇಣಿನಾಚೆಗೆ ಮಾತ್ರ, ಚಾಳೀಸಿಲ್ಲದಿದ್ದರೆ, ಜಗತ್ತು ಒದ್ದೆ ಅರಿವೆಯಿಂದ ಒರೆಸಿದ ಪಾಟಿ. ಬಾಗಿಲಲ್ಲಿ ನಿಂತವರು ಯಾರೆಂಬುದನ್ನು ಬಟ್ಟೆಯ ಬಣ್ಣದಿಂದಲೋ ಕೆಮ್ಮಿನಿಂದಲೋ ತಿಳಿದುಕೊಳ್ಳಬೇಕು.

ಆ ಗೇಣನ್ನು ಕೊಟ್ಟು ದೂರವನ್ನು ತೆಗೆದುಕೊಳ್ಳುತ್ತೀರಾ ಎಂದು ಈ ವರ್ಷ ಹುಬ್ಬಳ್ಳಿಯ ಡಾಕ್ಟರೊಬ್ಬರು ನನ್ನನ್ನು ಕೇಳಿದರು. ಇದೇ ಮಾತಿನಲ್ಲಿ ಕೇಳಲಿಲ್ಲ. ಅವರು ಲೇಸರ್ ಎಂದರು, ಕಾರ್ನಿಯಾ ಎಂದರು. ಆದರೆ ಕೇಳಿದ್ದು ಇದನ್ನೇ. ಬರುವ ಶನಿವಾರದೊಳಗೆ ಹೌದೋ ಅಲ್ಲವೋ ಹೇಳಬೇಕಿತ್ತು. ಆ ವಾರ ನನ್ನ ಕೈಯಿಂದ ಎರಡು ಸಲ ಹಾಲು ಉಕ್ಕಿತು.

ಹೌದು ಅಲ್ಲ ಎನ್ನಲು ಒಂದು ವಾರ ಬೇಕೇ ಎಂದು ನೀವು ಕೇಳಬಹುದು. ನನಗೆ ಬೇಕು. ನಾನು ಶಿಗ್ಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ದೊಡ್ಡವರು ಮಾತಾಡಿಸಿದರೆ ಎದ್ದು ನಿಲ್ಲಬೇಕು, ಕೈ ಹಿಂದೆ ಕಟ್ಟಿಕೊಳ್ಳಬೇಕು, ‘ಯೆಸ್ ಸಿಸ್ಟರ್’ ಅನ್ನಬೇಕು. ‘ನೋ ಸಿಸ್ಟರ್’ ಎಂಬುದನ್ನೂ ಅವರು ಕಲಿಸಿದ್ದರೋ ಏನೋ, ನಾನಂತೂ ಬಳಸಿದ ನೆನಪಿಲ್ಲ. ಈಗಲೂ ದವಾಖಾನೆಯಲ್ಲಿ ಡಾಕ್ಟರು ನನ್ನ ಹೆಸರು ಕೂಗಿದರೆ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.

ನಮ್ಮ ತವರು ಸವಣೂರು. ಅಲ್ಲಿಂದ ಬೆಳಗಿನ ಬಸ್ಸಿಗೆ ನಾವು ಕೆಲವು ಹುಡುಗಿಯರು ಶಿಗ್ಗಾವಿಗೆ ಹೋಗುತ್ತಿದ್ದೆವು. ನನ್ನ ಪಕ್ಕಕ್ಕೆ ಯಾವಾಗಲೂ ಶಹನಾಜ್. ಅವಳ ಅಪ್ಪನದು ಚೂಡಾ, ಸೇವು ಮಾರುವ ಖಾರದ ಅಂಗಡಿ. ಅವಳ ಚೀಲ ತೆರೆದರೆ ಇಡೀ ಬಸ್ಸಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಕ್ಲಾಸಿನಲ್ಲಿ ಕರಿಹಲಗೆಯ ಮೇಲೆ ಸಿಸ್ಟರ್ ಬರೆದದ್ದು ನನಗೆ ಬಿಳಿ ಹೊಗೆಯಾಗಿ ಕಾಣುತ್ತಿತ್ತು. ಎಲ್ಲರಿಗೂ ಹಾಗೆಯೇ ಕಾಣುತ್ತದೆ, ಜಾಣ ಮಕ್ಕಳು ಹೊಗೆಯನ್ನು ನೋಡಿ ಊಹಿಸಿ ಓದುತ್ತಾರೆ, ನಾನು ಅಷ್ಟು ಜಾಣೆಯಲ್ಲ ಎಂದುಕೊಂಡಿದ್ದೆ. ಶಹನಾಜ್ ತುಟಿ ಅಲುಗಾಡಿಸದೆ ಓದಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಅವಳ ಚಿಕ್ಕಪ್ಪನ ಮದುವೆಗೆಂದು ಅವಳು ಬಾರದ ಒಂದು ದಿನ ಸಿಸ್ಟರ್ ನನ್ನನ್ನು ಎಬ್ಬಿಸಿ ಬೋರ್ಡು ಓದು ಎಂದರು. ನಾನು ಎದ್ದು, ಕೈ ಹಿಂದೆ ಕಟ್ಟಿ, ‘ಯೆಸ್ ಸಿಸ್ಟರ್’ ಅಂದು ಸುಮ್ಮನೆ ನಿಂತೆ. ಇನ್ನೊಮ್ಮೆ ಹೇಳಿದರು. ಇನ್ನೊಮ್ಮೆ ‘ಯೆಸ್ ಸಿಸ್ಟರ್’ ಅಂದೆ. ಕ್ಲಾಸು ನಕ್ಕಿತು. ಸಿಸ್ಟರ್ ನನ್ನ ಬೆಂಚಿನ ಹತ್ತಿರ ಬಂದು, ಮುಖದ ಮುಂದೆ ಬೆರಳು ಎತ್ತಿ ಎಷ್ಟೆಂದು ಕೇಳಿದರು. ಹೇಳಿದೆ. ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಕೇಳುತ್ತ ಹೋದರು. ಮುಂದಿನ ಬೆಂಚು ದಾಟುವಷ್ಟರಲ್ಲಿ ನನ್ನ ಉತ್ತರ ನಿಂತಿತು. ಅವರೂ ಅಲ್ಲೇ ನಿಂತರು. ಬೈಯಲಿಲ್ಲ. ಸೀಮೆಸುಣ್ಣದ ಪುಡಿ ಹತ್ತಿದ ಬೆರಳುಗಳನ್ನು ಎತ್ತಿ ಹಿಡಿದುಕೊಂಡೇ, ಇಷ್ಟು ದಿನ ಈ ಹುಡುಗಿ ಏನು ನೋಡುತ್ತಿತ್ತು ಎಂಬಂತೆ ನಿಂತಿದ್ದರು. ಅವರ ಮುಖ ಹೇಗಿತ್ತೆಂದು ನನಗೆ ತಿಳಿಯದು. ಅದು ಹೊಗೆಯ ಆಚೆಗಿತ್ತು.

ಅಪ್ಪ ಹುಬ್ಬಳ್ಳಿಗೆ ಕರೆದೊಯ್ದು ಚಾಳೀಸು ಹಾಕಿಸಿದ. ಸವಣೂರಿನ ಮಠದ ಹತ್ತಿರದ ಆ ದೊಡ್ಡ ಹುಣಸೆ ಮರಗಳನ್ನು, ಹೆಸರಿಗಷ್ಟೇ ಹುಣಸೆಯಾದ ಬಾವೋಬಾಬ್ ಮರಗಳನ್ನು, ನೀವು ನೋಡಿರಬಹುದು. ಒಂದೊಂದರ ಬೊಡ್ಡೆಯೂ ಒಂದು ಮನೆಯಷ್ಟಿದೆ. ನಾನು ಹುಟ್ಟಿದಾಗಿನಿಂದ ಅವುಗಳ ಬೊಡ್ಡೆಯನ್ನು ಮುಟ್ಟಿ ಆಡಿದವಳು, ಆನೆಯ ತೊಗಲಿನಂಥ ಆ ಸಿಪ್ಪೆಯ ಗೆರೆಗೆರೆಯೂ ಗೊತ್ತಿತ್ತು. ಚಾಳೀಸು ಹಾಕಿಕೊಂಡು ಬಂದ ಸಂಜೆ ತಲೆ ಎತ್ತಿದೆ. ಮೇಲೆ ಟೊಂಗೆಗಳಿದ್ದವು. ಟೊಂಗೆಗಳ ಮೇಲೆ ಹಕ್ಕಿಗಳಿದ್ದವು. ಇಷ್ಟು ವರ್ಷ ಇವೆಲ್ಲ ನನಗೆ ಹೇಳದೆ ಮೇಲೇ ಇದ್ದವಲ್ಲ ಎಂದು ನನಗೆ ಸಿಟ್ಟು ಬಂತು.

ಓಣಿಯ ಹೆಂಗಸರಿಗೆ ಬಂದ ಚಿಂತೆ ಬೇರೆ. ನಲವತ್ತಕ್ಕೆ ಬರಬೇಕಾದ ಚಾಳೀಸು ಈ ಕೂಸಿಗೆ ಈಗಲೇ ಬಂತೇ, ಇದನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವನ ಮುಂದೆ ನಿಟ್ಟುಸಿರು ಬಿಟ್ಟರು. ಅವ್ವನೂ ಹೆದರಿದಳು. ಆದರೆ ಅವ್ವ ಉಪಯೋಗ ಬಲ್ಲ ಹೆಣ್ಣು. ಅವಳು ಕಸೂತಿ ಹಾಕುತ್ತಿದ್ದಳು, ಮತ್ತು ಆ ಹೊತ್ತಿಗೆ ಅವಳ ಕಣ್ಣಿಗೆ ಹತ್ತಿರದ್ದು ಮಸಕಾಗತೊಡಗಿತ್ತು. ಬಟ್ಟೆಯನ್ನು ದೂರ ಹಿಡಿದು ಹಿಡಿದು ಕೈ ಸಾಲದೆ ಹೋದ ಒಂದು ಮಧ್ಯಾಹ್ನ ನನ್ನನ್ನು ಕರೆದಳು. “ಬಾ ಇಲ್ಲೆ. ಅದನ್ನ ತಗದಿಟ್ಟು ಕುಂದರು. ಎಳಿ ಎಣಿಸು.”

ಹೀಗೆ ನಾನು ಕಸೂತಿಗೆ ಕೂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕೂಡ ಹೊಲಿಗೆ ಕಲಿಸುತ್ತಿದ್ದರು. ಕರವಸ್ತ್ರದ ಮೂಲೆಗೆ ಗುಲಾಬಿ, ಹಿಂಬದಿಗೆ ಒಂದು ಗಂಟು. ಅದನ್ನು ಹೆಮ್ಮೆಯಿಂದ ಮನೆಗೆ ತಂದರೆ ಅವ್ವ ಗುಲಾಬಿಯನ್ನು ನೋಡಲೇ ಇಲ್ಲ. ತಿರುವಿ ಹಿಂಬದಿ ನೋಡಿ, ಜಡೆ ಬಿಚ್ಚಿದ ತಲೆಯ ಹಾಗಿದೆ ಅಂದಳು. ಕಸೂತಿಯಲ್ಲಿ ಗಂಟಿಲ್ಲ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಬೇಕು, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರಬೇಕು. ಹಾಗೆ ಮಾಡಿದರೆ ಮುಂದೆ ಹಿಂದೆ ಎರಡೂ ಒಂದೇ.

ಇನ್ನು ಈಗಿನ ಮಾತಿಗೆ ಬರುತ್ತೇನೆ. ಮದುವೆಯಾಗಿ ಹಾನಗಲ್ಲಿಗೆ ಬಂದೆ. ಚಾಳೀಸು ಹಾಕಿಕೊಂಡೇ ಬಂದೆ. ನಮ್ಮ ಮನೆಯವರು ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಇಷ್ಟು ವರ್ಷ ಅವರಿಗೆ ನನ್ನ ಕಣ್ಣಿನ ಬಗ್ಗೆ ತಕರಾರು ಇರಲಿಲ್ಲ. ಇದೆಲ್ಲ ಶುರುವಾದದ್ದು ಕಳೆದ ದೀಪಾವಳಿಯ ನಂತರ, ಹಿರೇಕೆರೂರಿನ ಸಂತೆಯ ದಿನ.

ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದೆ. ಅವಳ ಮಗಳ ಲಗ್ನ ಗೊತ್ತಾಗಿತ್ತು, ಮಾತಾಡಲು ಹೋಗಿದ್ದೆ. ತಿರುಗಿ ಬರುವಾಗ ಸಂತೆಯ ಗದ್ದಲದಲ್ಲಿ ಯಾರದೋ ಹೆಗಲ ಮೇಲಿನ ಚೀಲ ನನ್ನ ಕಿವಿಗೆ ತಾಗಿತು. ಚಾಳೀಸು ಹಾರಿತು. ಮರುಕ್ಷಣ ಯಾರದೋ ಕಾಲಡಿಯಲ್ಲಿ ಹಪ್ಪಳ ಮುರಿದಂಥ ಸಪ್ಪಳ ಕೇಳಿತು. ಇನ್ನೊಂದು ಜೋಡಿ ಇಟ್ಟುಕೊಳ್ಳಬಾರದೇ ಎನ್ನುತ್ತೀರಿ. ಇತ್ತು. ಹಳೆಯ ನಂಬರಿನದು, ಹಾನಗಲ್ಲಿನ ಕಪಾಟಿನಲ್ಲಿ.

ಆಗಲೇ ಅಕ್ಕನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ, ಇಷ್ಟಕ್ಕೆಲ್ಲ ಯಾರಿಗೆ ತೊಂದರೆ ಕೊಡುವುದು ಅಂದುಕೊಂಡೆ. ಬಸ್‌ಸ್ಟ್ಯಾಂಡು ಹೇಗೋ ಸಿಕ್ಕಿತು. ಎಲ್ಲ ಬಸ್ಸುಗಳೂ ಕೆಂಪು ರಾಶಿಗಳು. ಹಣೆಯ ಮೇಲಿನ ಹೆಸರುಗಳೆಲ್ಲ ಒಂದೇ ಹಳದಿ ಕಲೆ. ಹಾನಗಲ್ಲಿಗೆ ಯಾವುದೆಂದು ಕೇಳಿದೆ, ಯಾರೋ ಕೈ ತೋರಿಸಿದರು. ತೋರಿಸಿದ ಕೈ ನನಗೆ ಕಂಡರೆ ತಾನೇ? ಹತ್ತಿ ಕೂತೆ. ಊರು ದಾಟುವಾಗ ಕಂಡಕ್ಟರ್ ಬಂದು, ಇದು ಹಾವೇರಿಗೆ ಹೋಗುತ್ತದೆ ಎಂದ. ಗಾಬರಿಯಲ್ಲಿ ಅಲ್ಲೇ ಇಳಿದುಬಿಟ್ಟೆ. ಬಸ್ಸು ಹೋಯಿತು. ಸಪ್ಪಳವೂ ಹೋಯಿತು. ನಡು ಮಧ್ಯಾಹ್ನ. ಸುತ್ತಲೂ ಬಿಸಿಲು ಮತ್ತು ಬಣ್ಣಗಳು. ಯಾವುದಕ್ಕೂ ಅಂಚಿಲ್ಲ. ಒಂದು ಕಡೆ ಕಪ್ಪಾದದ್ದೇನೋ ಇತ್ತು. ನಾಯಿಯೋ ಕಲ್ಲೋ ತಿಳಿಯದೆ ಅದನ್ನೇ ನೋಡುತ್ತ ನಿಂತೆ. ಲಾರಿಯೊಂದು ಎಲ್ಲಿಂದ ಬಂತೋ, ಗಾಳಿ ಮುಖಕ್ಕೆ ಬಡಿದ ಮೇಲೆಯೇ ನಾನು ರಸ್ತೆಯೊಳಗೆ ನಿಂತಿದ್ದೇನೆಂದು ತಿಳಿದದ್ದು.

ಫೋನನ್ನು ಮೂಗಿಗೆ ಹಿಡಿದು ಇವರಿಗೆ ಮಾಡಿದೆ. ಎಲ್ಲಿದ್ದೀ ಎಂದರು. ಗೊತ್ತಿಲ್ಲ ಎಂದೆ. ಹತ್ತಿರ ಏನಾದರೂ ಕಾಣುತ್ತದೆಯೇ ಎಂದರು. ನೋಡಿದೆ. “ಹಳದಿ ಐತ್ರಿ,” ಅಂದೆ. “ಭಾಳ ಹಳದಿ ಐತಿ.”

ಗೋವಿನಜೋಳದ ಸುಗ್ಗಿಯ ದಿನ ಹಿರೇಕೆರೂರಿನ ಸುತ್ತ ಹಳದಿಯಲ್ಲದ್ದು ಏನಿರುತ್ತದೆ ಹೇಳಿ. ರಸ್ತೆಯ ಮಗ್ಗುಲು, ಕಣ, ಅಂಗಡಿಯ ಅಂಗಳ, ಎಲ್ಲೆಲ್ಲೂ ಕಾಳು ಹರವಿರುತ್ತಾರೆ. ಇವರು ಹಾನಗಲ್ಲಿನಿಂದ ಮೋಟರ್‌ಸೈಕಲ್ ಮೇಲೆ ಬಂದು ಒಂದೊಂದು ಹಳದಿಯನ್ನೂ ಹುಡುಕಿದರಂತೆ. ನನಗೆ ಮೊದಲು ಸಿಕ್ಕದ್ದು ಅವರ ಗಾಡಿಯ ಸಪ್ಪಳ. ಗಾಡಿ ನಿಲ್ಲಿಸಿ ಇಳಿದು ನನ್ನ ರಟ್ಟೆ ಹಿಡಿದರು. ದಾರಿಯಲ್ಲಿ ನಾನು ಈ ಹಳದಿಯ ಮಾತು ತೆಗೆದು ನಕ್ಕೆ. ಅವರು ನಗಲಿಲ್ಲ.

ಮಗಳು ಪ್ರೇರಣಾ ಫೋನಿನಲ್ಲಿ ವಿಡಿಯೋಗಳನ್ನು ತೋರಿಸಿದಳು: ಕಣ್ಣಿನ ಆಪರೇಷನ್ ಮಾಡಿಸಿಕೊಂಡವರು ಮರುದಿನ ಎದ್ದು ಗಡಿಯಾರ ಓದಿ ಅಳುತ್ತಿದ್ದರು. ಅತ್ತೆಗೆ ಹೆದರಿಕೆ. ಅವರದು ಪೊರೆ ಬಂದ ಕಣ್ಣು, ಆಪರೇಷನ್ ಆಗಿ ಈಗ ಓಣಿಯ ಕೊನೆಯಲ್ಲಿ ಹೋಗುವವರ ಸೀರೆಯ ಅಂಚು ಹೇಳುತ್ತಾರೆ. ಆದರೂ, ಬಂದ ರೋಗಕ್ಕೆ ಕತ್ತರಿ ಬೇರೆ, ಚೆನ್ನಾಗಿರುವ ಕಣ್ಣಿಗೆ ಬೆಂಕಿ ತೋರಿಸುವುದು ಬೇರೆ ಎಂಬುದು ಅವರ ವಾದ. ಇವರು ಮಾತ್ರ ಯಾರ ಮಾತೂ ಕೇಳದೆ ಹುಬ್ಬಳ್ಳಿಗೆ ಹೊರಡಿಸಿದರು.

ಅಲ್ಲಿ ಒಂದೊಂದೇ ಯಂತ್ರದ ಮುಂದೆ ಗದ್ದ ಇಡಿಸಿದರು. ಒಳಗೆ ಕೆಂಪು ದೀಪ, ಹಸಿರು ದೀಪ. ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಪಕ್ಕದಲ್ಲಿ ಕೂತವರೆಲ್ಲ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ್ದರು, ಪ್ರಾರ್ಥನೆಗೆ ಕೂತವರ ಹಾಗೆ. ಕೊನೆಗೆ ಡಾಕ್ಟರು ಕರೆದರು. ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು, ಮೆಲುಮಾತು. ಏನು ಕೆಲಸ ಮಾಡುತ್ತೀರಿ ಎಂದು ನನ್ನನ್ನೇ ನೋಡಿ ಕೇಳಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಇವರು, “ಏನಿಲ್ರಿ, ಮನ್ಯಾಗ ಇರ್ತಾಳ,” ಅಂದರು.

ಡಾಕ್ಟರು ಬರೆದುಕೊಂಡರು. ನಾನು ಕೂತೆ.

ಆಮೇಲೆ ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ನನ್ನ ಕಣ್ಣಿನ ಮೇಲ್ಪದರ ಸಾಕಷ್ಟು ದಪ್ಪವಿದೆ, ಲೇಸರ್ ಮಾಡಬಹುದು, ದೂರದ್ದು ಚಾಳೀಸಿಲ್ಲದೆ ಚೆನ್ನಾಗಿ ಕಾಣುತ್ತದೆ. ಆದರೆ ನಲವತ್ತು ದಾಟಿದ ಕಣ್ಣು ಒಳಗಿನಿಂದ ಗಡುಸಾಗುತ್ತದೆ. ಸಮೀಪದೃಷ್ಟಿಯವರು ಚಾಳೀಸು ತೆಗೆದು ಹತ್ತಿರದ್ದು ನೋಡಿಕೊಳ್ಳುತ್ತಾರೆ, ಅವರಿಗೆ ಆ ಅನುಕೂಲ ಇರುತ್ತದೆ. ಲೇಸರ್ ಆದ ಮೇಲೆ ಅದು ಹೋಗುತ್ತದೆ. ಓದಲು, ಹೊಲಿಯಲು ಬೇರೆ ಚಾಳೀಸು ಬೇಕಾಗುತ್ತದೆ. “ಹೋಗಿದ್ದು ಮತ್ತ ತಿರುಗಿ ಬರೂದಿಲ್ರಿ,” ಅಂದರು. “ಅದಕ್ಕ ಮೊದಲ ಹೇಳಾಕತ್ತೇನಿ.” ಆಪರೇಷನ್ ಆದ ಕಣ್ಣು ಹೇಗಿರುತ್ತದೆ ಎಂಬುದರ ರುಚಿ ನೋಡಲು ಒಂದು ವಾರ ಕಣ್ಣೊಳಗೆ ಇಡುವ ಲೆನ್ಸು ಕೊಟ್ಟರು; ದಿನಕ್ಕೊಂದು ಜೋಡಿ, ಸಂಜೆ ತೆಗೆದು ಎಸೆಯುವಂಥವು. ಶನಿವಾರ ಫೋನು ಮಾಡಿ ಹೌದೆಂದರೆ, ಕೆಲವು ವಾರ ಲೆನ್ಸು ಬಿಡಿಸಿ ಮತ್ತೆ ಅಳತೆ ತೆಗೆದು ದಿನ ಗೊತ್ತುಮಾಡುತ್ತಾರೆ.

ಆ ವಾರದ ಮೊದಲ ದಿನವನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಬಚ್ಚಲಲ್ಲಿ ಕಣ್ಣು ಮುಚ್ಚಿಕೊಂಡು ಹುಷಾರಾಗಿ ನೀರು ಹಾಕಿಕೊಂಡೆ. ತೆರೆದು ಕೆಳಗೆ ನೋಡಿದರೆ ನನ್ನ ಪಾದಗಳು. ನೀರಿನಲ್ಲಿ ನಿಂತ ನನ್ನ ಪಾದಗಳನ್ನು ಹುಡುಗಿಯಾಗಿದ್ದಾಗಿನಿಂದ ನಾನು ಸ್ಪಷ್ಟವಾಗಿ ಕಂಡೇ ಇರಲಿಲ್ಲ. ಕಾಲುಂಗುರ ಒಂದು ಬದಿಗೆ ತೆಳ್ಳಗೆ ಸವೆದಿತ್ತು. ಅನ್ನದ ಮುಚ್ಚಳ ತೆಗೆದೆ. ಹಬೆ ಎದ್ದಿತು, ಹೋಯಿತು, ಅನ್ನ ಹಾಗೇ ಕಾಣುತ್ತಿತ್ತು, ಸೆರಗಿನಿಂದ ಏನನ್ನೂ ಒರೆಸಬೇಕಾಗಲಿಲ್ಲ. ಇವರ ಗಾಡಿಯ ಹಿಂದೆ ಕೂತು ಹೋದೆ. ರೆಪ್ಪೆಗೆ ಗಾಳಿ ತಾಗಿತು. ಕನ್ನಡಿಯಲ್ಲಿ ತೋಳಳತೆಯ ದೂರದಿಂದ ನನ್ನ ಮುಖ ನೋಡಿದೆ. ಮೂಗಿನ ಎರಡೂ ಬದಿಗೆ ಎರಡು ಕೆಂಪು ತಗ್ಗು, ಕಣ್ಣು ನಾನಂದುಕೊಂಡದ್ದಕ್ಕಿಂತ ದೊಡ್ಡವು. ಇವರು ಬಾಗಿಲಲ್ಲಿ ನಿಂತು ನೋಡಿದರು, ಮತ್ತೆ ಬೇರೆ ಕಡೆ ನೋಡಿದರು. ಬೇರೆ ಯಾರೋ ಮನೆಯಲ್ಲಿದ್ದಂತೆ ಕಾಣುತ್ತದೆ ಅಂದರು. ಸಂಕೋಚದಿಂದ ಅವರ ಕಿವಿ ಕೆಂಪಾಗಿತ್ತು; ಅದೂ ನನಗೆ ಕಂಡಿತು.

ಅದೇ ದಿನ ಅಕ್ಕಿಯಲ್ಲಿ ಹರಳು ಉಳಿಯಿತು. ಮೊರವನ್ನು ಮೂಗಿಗೆ ತಂದರೆ ಅಕ್ಕಿಯೆಲ್ಲ ಮಂಜು. ದೂರ ಹಿಡಿದರೆ ಸ್ವಲ್ಪ ವಾಸಿ, ಅವ್ವ ಹಿಡಿಯುತ್ತಿದ್ದ ಹಾಗೆ. ಊಟದಲ್ಲಿ ಪ್ರೇರಣಾಳ ಹಲ್ಲಿಗೆ ಕಟಕ್ ಎಂದಿತು. ಅವಳು ತಟ್ಟೆಯ ಅಂಚಿಗೆ ಅದನ್ನು ಇಟ್ಟಳು.

ನಡುವೆ ಒಂದು ದಿನ ಮಸಾಲೆ ಖಾರ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದು, ಹುರಿದು, ಪುಡಿ ಮಾಡಿ, ಸಬಕಾರ ಹಚ್ಚಿ ಮತ್ತೆ ಮತ್ತೆ ಕೈ ತೊಳೆದು ಲೆನ್ಸು ತೆಗೆಯಲು ಹೋದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೈ ತೊಳೆಯುವ ಕ್ರಮ ಹೇಳಿಕೊಟ್ಟ ಹುಡುಗಿಗೆ ನಮ್ಮ ಮನೆಯ ಮೆಣಸಿನಕಾಯಿಯ ಪರಿಚಯ ಇರಲಿಲ್ಲ. ಎಡಗಣ್ಣಿಗೆ ಬೆರಳು ತಾಗಿದ್ದೇ ತಡ ಬೆಂಕಿ ಹತ್ತಿತು. ರೆಪ್ಪೆ ಬಿಗಿದುಕೊಂಡಿತು, ಲೆನ್ಸು ಒಳಗೇ ಉಳಿಯಿತು. ಮತ್ತೆ ಬೆರಳು ಹಾಕುವಂತಿಲ್ಲ, ಹಾಗೇ ಬಿಡುವಂತಿಲ್ಲ. ಇವರು ಕಾಲೇಜಿನಲ್ಲಿ, ಮಗಳೂ ಇಲ್ಲ. ನಾನು ಗೋಡೆ ಹಿಡಿದು ನಿಂತಿದ್ದನ್ನು ಅತ್ತೆ ನೋಡಿದರು. ನನ್ನನ್ನು ಕೂರಿಸಿ, ಬೆರಳುಗಳಿಗೆ ಶೇಂಗಾ ಎಣ್ಣೆ ತಿಕ್ಕಿದರು, ಕಡಲೆಹಿಟ್ಟು ಹಚ್ಚಿ ತೊಳೆದರು, ಮತ್ತೆ ಎಣ್ಣೆ, ಮತ್ತೆ ಹಿಟ್ಟು, ಕೊನೆಗೆ ಸಬಕಾರ. ಒಂದೊಂದು ಬೆರಳನ್ನೂ ತಮ್ಮ ನಾಲಗೆಯ ತುದಿಗೆ ತಾಗಿಸಿ ಖಾರ ಉಳಿದಿದೆಯೇ ಎಂದು ನೋಡಿದರು. ಅಷ್ಟೂ ಹೊತ್ತು ಬೈಯುತ್ತಲೇ ಇದ್ದರು. “ನೀ ಕುಡ್ಡಿ ಆಗಿ ಕುಂತ್ರ, ಆಪರೇಷನ್ ಮಾಡ್ಸಿದ ಈ ಕಣ್ಣಲೆ ನಾ ನಿನ್ನ ಮಾರಿ ನೋಡ್ಕೊಂತ ಕುಂದರಬೇಕೇನು?” ಲೆನ್ಸು ಕೊನೆಗೂ ಬಂತು. ನೆಲದ ಮೇಲೆ ಉಳ್ಳಾಗಡ್ಡಿಯ ಒಳಸಿಪ್ಪೆಯ ಹಾಗೆ ಮುದುಡಿ ಬಿತ್ತು. ಕಣ್ಣು ಸಂಜೆಯವರೆಗೆ ಉರಿಯಿತು. ಮರುದಿನ ಕೆಂಪು ಇಳಿಯುವ ತನಕ ಕಾದು ನಾನು ಮತ್ತೆ ಹೊಸ ಜೋಡಿ ಹಾಕಿಕೊಂಡೆ. ಅತ್ತೆ ನೋಡಿ ತಲೆ ಆಡಿಸಿದರು. ಆಸೆ ಹಾಗಿತ್ತು.

ಅಕ್ಕನ ಮಗಳ ಲಗ್ನದ ಮಾತು ಹೇಳಿದೆನಲ್ಲ. ನಮ್ಮ ತವರಿನಲ್ಲಿ ಹೆಣ್ಣುಮಗಳ ಲಗ್ನಕ್ಕೆ ಒಂದು ಚಂದ್ರಕಾಳಿ ಸೀರೆ ಕೊಡುವ ರೂಢಿ, ಅದಕ್ಕೆ ಮನೆಯ ಹೆಂಗಸೇ ಕಸೂತಿ ಹಾಕಿರಬೇಕು. ಚಂದ್ರಕಾಳಿ ಎಂದರೆ ಅಚ್ಚ ಕಪ್ಪು. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆಯನ್ನು ಎಣಿಸುವ ಕೆಲಸವನ್ನು ಗೊತ್ತಿದ್ದವರೂ ಈಗ ಹಿಡಿಯುವುದಿಲ್ಲ. ಕಣ್ಣು ಒಪ್ಪುವುದಿಲ್ಲ ಎನ್ನುತ್ತಾರೆ. ಅವ್ವ ಹೋದ ಮೇಲೆ ಈ ಸೀರೆ ನನ್ನ ಪಾಲಿಗೆ ಬಂದಿದೆ. ಅಕ್ಕನ ಮಗಳು ಸೆರಗಿನ ಮೇಲೆ ಎದುರುಬದುರು ಎರಡು ಆನೆ ಕೇಳಿದ್ದಳು.

ಗುರುವಾರ ಮಧ್ಯಾಹ್ನ ಲೆನ್ಸು ಹಾಕಿಕೊಂಡೇ ಕೆಲಸಕ್ಕೆ ಕೂತೆ. ಮುಂದೆ ಹೀಗೆಯೇ ಮಾಡಬೇಕಲ್ಲ, ನೋಡಿಯೇ ಬಿಡೋಣ ಎಂದುಕೊಂಡೆ. ಪೇಟೆಯಿಂದ ಓದುವ ಚಾಳೀಸು ತಂದಿದ್ದೆ. ತಲೆಬಾಗಿಲ ಬೆಳಕಿನಲ್ಲಿ ಸೀರೆ ಹರವಿ, ಅದನ್ನು ಏರಿಸಿ, ಎಣಿಸಿದೆ. ಕಾಣುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕಾಣುತ್ತಿತ್ತು, ಆದರೆ ಬಟ್ಟೆ ದೂರದಲ್ಲಿತ್ತು. ಗಾಜಿನ ಆಚೆಗೆ ಯಾರದೋ ಮನೆಯಲ್ಲಿ ನಡೆಯುವ ಕೆಲಸದ ಹಾಗೆ. ಆನೆಯ ಸೊಂಡಿಲಿನಿಂದ ಹೊರಟು, ಬೆನ್ನಿನ ಮೇಲೆ ಹಾಯ್ದು, ಬಾಲ ಇಳಿದು, ಹೊಟ್ಟೆಯ ಕೆಳಗಿನಿಂದ ಬಂದೆ. ತಿರುಗಿ ಬಿಟ್ಟ ಜಾಗಗಳನ್ನು ತುಂಬುತ್ತ ಬರುವಾಗ ಕಾಲಿನ ಹತ್ತಿರ ಗೆರೆ ಕೂಡಲಿಲ್ಲ. ಸೂಜಿ ಬಂದು ನಿಂತ ಜಾಗವೇ ಬೇರೆ, ಅದು ಸೇರಬೇಕಾದ ಜಾಗವೇ ಬೇರೆ. ಬಿಚ್ಚಿದೆ, ಮತ್ತೆ ಹೋದೆ. ಮತ್ತೆ ಕೂಡಲಿಲ್ಲ. ಎಲ್ಲಿ ತಪ್ಪಿದ್ದೇನೆಂಬುದು ಎಷ್ಟು ನೋಡಿದರೂ ಸಿಗದು. ಅಂಗೈ ಬೆವರಿ ಸೂಜಿ ಜಾರತೊಡಗಿತು. ಆ ಹೊತ್ತಿಗೇ ಅಕ್ಕ ಫೋನು ಮಾಡಿ ಸೀರೆ ಎಲ್ಲಿಗೆ ಬಂತು ಎಂದು ಕೇಳಿದಳು. ಆಗುತ್ತಿದೆ ಎಂದೆ.

ಕೈ ತೊಳೆದು ಲೆನ್ಸು ತೆಗೆದು, ಬರಿಗಣ್ಣಿನಲ್ಲಿ ಸೆರಗನ್ನು ಮುಖಕ್ಕೆ ತಂದೆ. ಹೊಸ ಬಟ್ಟೆಯ ಗಂಜಿಯ ವಾಸನೆ. ಎಳೆಗಳು ಒಂದೊಂದಾಗಿ ಎದ್ದು ನಿಂತವು. ಹೊಟ್ಟೆಯ ನಡುವೆ ಒಂದು ಕಡೆ ನಾನು ಒಂದೆಳೆ ಹೆಚ್ಚು ಎತ್ತಿದ್ದೆ. ಒಂದೇ ಎಳೆ. ಮುಂದಿನದೆಲ್ಲ ಅದನ್ನೇ ನಂಬಿ ನಡೆದು ಬಂದಿತ್ತು.

ಇದನ್ನು ಬೇರೆಯವರು ನೋಡಿದರೆ ತಿಳಿಯುತ್ತಿತ್ತೇ? ತಿಳಿಯುತ್ತಿರಲಿಲ್ಲ. ರೂಢಿಯಾದರೆ ಆ ಓದುವ ಚಾಳೀಸಿನಲ್ಲೂ ನಾನು ಮಾಡಬಲ್ಲೆನೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ಮಧ್ಯಾಹ್ನ ಬಾಗಿಲಲ್ಲಿ ಕೂತು ನನಗೆ ಹೆದರಿಕೆಯಾಯಿತು. ಹಿರೇಕೆರೂರಿನ ರಸ್ತೆಯಲ್ಲಿ ಆದದ್ದಕ್ಕಿಂತ ಇದು ಬೇರೆ ಹೆದರಿಕೆ. ಅಲ್ಲಿ ಇವರು ಬಂದು ರಟ್ಟೆ ಹಿಡಿದಿದ್ದರು. ಇದರೊಳಗೆ ಯಾರು ಬರುತ್ತಾರೆ?

ಶುಕ್ರವಾರ ಇವರು ಕಾಲೇಜಿನಿಂದ ಬಂದು ಚಹಾ ಕುಡಿಯುವಾಗ ಹೇಳಿದೆ, ನನಗೆ ಮನಸ್ಸಿಲ್ಲ ಎಂದು. ಅವರು ಬಸಿಯನ್ನು ಕೆಳಗಿಟ್ಟರು.

“ಆ ದಿನಾ ನಾ ಹಳದಿ ಹುಡಿಕ್ಕೊಂತ ಹೆಂಗ ತಿರುಗೇನಿ, ನಿನಗ ಗೊತ್ತಿಲ್ಲ,” ಅಂದರು. “ಮತ್ತೊಮ್ಮೆ ಹಂಗಾದ್ರ?”

“ಎರಡು ಚಾಳೀಸ ಮಾಡಿಸಿ ಕೊಡ್ರಿ. ಒಂದು ಯಾವಾಗ್ಲೂ ಚೀಲದಾಗ ಇರ್ತೈತಿ.”

“ಚೀಲನ ಹೋದ್ರ?”

ಇವರು ನನ್ನನ್ನು ಮೂದಲಿಸುತ್ತಿಲ್ಲ, ನಿಜವಾಗಿಯೂ ಒಂದೊಂದೇ ಕೆಟ್ಟದ್ದನ್ನು ಎಣಿಸುತ್ತಿದ್ದಾರೆ ಎಂದು ಗೊತ್ತಾಯಿತು. ನಾನು ಏನೂ ಅನ್ನಬಾರದಿತ್ತೇನೋ. ಆದರೆ ವಾರದಿಂದ ಒಳಗೇ ಇಟ್ಟುಕೊಂಡದ್ದು ಹೊರಗೆ ಬಂತು.

“ಡಾಕ್ಟರ್ ಏನ ಕೆಲಸಾ ಅಂತ ಕೇಳಿದ್ರು. ನೀವು ಏನಿಲ್ಲ ಅಂದ್ರಿ.”

ಅವರಿಗೆ ಮೊದಲು ತಿಳಿಯಲಿಲ್ಲ. ಹಾಗಂದೆನೇ ಎಂದರು. ನಾನು ಒಳಗೆ ಹೋಗಿ ಸೀರೆ ತಂದು ಅವರ ತೊಡೆಯ ಮೇಲೆ ಹರವಿದೆ. ಮದುವೆಯಾದಾಗಿನಿಂದ ಮನೆಯಲ್ಲಿ ಇಂಥದನ್ನು ನೋಡುತ್ತಲೇ ಇದ್ದವರು, ಒಮ್ಮೆಯೂ ನೋಡಿರಲಿಲ್ಲ. ಅರ್ಧ ಆನೆಯ ಮೇಲೆ ಬೆರಳಾಡಿಸಿದರು. ಸೆರಗು ತಿರುವಿದರು. ಮತ್ತೆ ತಿರುವಿದರು. ಪಾಠ ಹೇಳುವ ಮನುಷ್ಯ, ತಿಳಿಯದ್ದನ್ನು ಕೇಳಲು ಅವರಿಗೆ ಸ್ವಲ್ಪ ಹೊತ್ತು ಬೇಕು.

“ಇದರಾಗ ಮುಂದಿಂದು ಯಾವುದು?”

“ಎರಡೂ ಮುಂದಿಂದು,” ಅಂದೆ.

ಆಮೇಲೂ ಅವರು ಒಪ್ಪಲಿಲ್ಲ, ನಿಜ ಹೇಳಬೇಕು. ‘ಆದರೂ...’ ಅಂದರು. ತಣ್ಣಗಾದ ಚಹಾ ಎತ್ತಿ ಕುಡಿದರು. ಶನಿವಾರ ಬೆಳಿಗ್ಗೆ ಕೊನೆಯ ಜೋಡಿ ಲೆನ್ಸು ಡಬ್ಬಿಯಲ್ಲಿ ಉಳಿದಿತ್ತು. ಹಾಕಿಕೊಳ್ಳಲೇ ಎಂದು ಬಹಳ ಹೊತ್ತು ನಿಂತೆ. ಬಚ್ಚಲ ನೀರಿನ ಪಾದಗಳು, ರೆಪ್ಪೆಯ ಮೇಲಿನ ಗಾಳಿ, ಇವರ ಕೆಂಪು ಕಿವಿ, ಎಲ್ಲ ಆ ಡಬ್ಬಿಯೊಳಗಿದ್ದವು. ತೆರೆಯದೆ ಕಸಕ್ಕೆ ಹಾಕಿದೆ. ಹಾಕಿದ ಮೇಲೆ ಅಳು ಬಂತು, ಯಾರೂ ನೋಡಲಿಲ್ಲ.

ಇವರು ಫೋನು ಹಚ್ಚಿದರು. ಆ ಕಡೆಯವರು ಎತ್ತಿದ ಕೂಡಲೇ ಗಂಟಲು ಸರಿಮಾಡಿಕೊಂಡು, ಮಾತಾಡಲು ಬಾಯಿ ತೆರೆದು, ನನ್ನನ್ನು ನೋಡಿ, ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಕೂತಲ್ಲಿಂದ ಎದ್ದು ನಿಂತೆ.

ದವಾಖಾನೆಯ ಹುಡುಗಿ ನಯವಾಗಿ ಹೆಸರು ಕೇಳಿದಳು, ಅಳತೆಗೆ ಯಾವಾಗ ಬರುತ್ತೀರಿ ಎಂದು ಕೇಳಿದಳು. ಬರುವುದಿಲ್ಲ, ಮಾಡಿಸುವುದಿಲ್ಲ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಅಡಿಗೆಮನೆಯಲ್ಲಿ ಅತ್ತೆಯ ಲಟ್ಟಣಿಗೆ ನಿಂತಿತು.

“ಕಾರಣಾ ಏನಂತ ಹಾಕ್ಲಿ ಮೇಡಮ್?”

ಇದನ್ನು ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ.

“ಆನಿ ಅರ್ಧಾ ಆಗೇತ್ರಿ,” ಅಂದೆ.

ಆ ಕಡೆ ಕಂಪ್ಯೂಟರಿನ ಮೇಲೆ ಬೆರಳುಗಳ ಟಪಟಪ ನಿಂತಿತು. “ಯಾವ ಆನಿರಿ?”

“ಕರೇ ಸೀರಿ ಮ್ಯಾಲಿಂದು. ಸೊಂಡಿಲಾ ಆಗೇತಿ, ಬೆನ್ನ ಆಗೇತಿ. ಕಾಲು ಆಗಿಲ್ಲ.”

ಆಮೇಲೆ ಟಪಟಪ ಮತ್ತೆ ಶುರುವಾಯಿತು. ಒಂದೆರಡು ಪದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಏನು ಬರೆದುಕೊಂಡಿರಿ ಎಂದು ನಾನು ಕೇಳಲಿಲ್ಲ.